ಎರಡೂ ಕಡೆಯಿಂದ ಹಣ ಪಡೆಯುವ ಬ್ರೋಕರ್: ಮನೆ ಕೊಳ್ಳುವವರಿಗೆ ಕಾನೂನಿನಲ್ಲಿ ಏನು ದಾರಿಯಿದೆ?

ಪ್ರಶ್ನೆ: ಮನೆ ಕೊಳ್ಳುವವ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಉತ್ತರಹಳ್ಳಿಯ ಕಡೆ 2009ರಲ್ಲಿ ಕಟ್ಟಿ ಮುಗಿಸಿದ, ಓ.ಸಿ. (ವಾಸಯೋಗ್ಯ ಪ್ರಮಾಣಪತ್ರ) ಇರುವ ಒಂದು ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟ್ ಕೊಳ್ಳಲು ನಾನು ಮತ್ತು ನನ್ನ ಪತ್ನಿ ಅದರ ಈಗಿನ ಮಾಲೀಕರೊಂದಿಗೆ ಕ್ರಯದ ಕರಾರು ಮಾಡಿಕೊಂಡಿದ್ದೇವೆ. ಕರಾರಿನ ಬೆಲೆ 82 ಲಕ್ಷ ರೂಪಾಯಿ. ಮುಂಗಡವಾಗಿ 8 ಲಕ್ಷ ಕೊಟ್ಟಿದ್ದೇವೆ. ಕ್ರಯಪತ್ರ ನೋಂದಣಿ ಆಗಬೇಕಿದ್ದು, ಬ್ಯಾಂಕಿನ ಸಾಲ ಮಂಜೂರಾಗುವ ಹಂತದಲ್ಲಿದೆ.

ಮನೆ ತೋರಿಸಿದ ಬ್ರೋಕರ್ ನಮ್ಮಿಂದ ಶೇಕಡಾ 1ರಷ್ಟು ಕಮಿಷನ್ ಕೇಳಿದ್ದರು. ಅದರಲ್ಲಿ ಅರ್ಧ, ಅಂದರೆ 41,000 ರೂಪಾಯಿಯನ್ನು ಕರಾರಿನ ದಿನವೇ ಬ್ಯಾಂಕ್ ಮೂಲಕ ಕೊಟ್ಟಿದ್ದೇವೆ. ‘ಮಾಲೀಕರು 85 ಲಕ್ಷಕ್ಕೆ ಬಿಗಿಯಾಗಿ ಕೂತಿದ್ದಾರೆ, ನಿಮ್ಮ ಪರವಾಗಿ ನಾನು ಮಾತಾಡಿ ಇಳಿಸಿಕೊಡುತ್ತೇನೆ’ ಎಂದು ಅವರು ವಾಟ್ಸ್‌ಆ್ಯಪ್‌ನಲ್ಲಿ ಬರೆದ ಸಂದೇಶ ನಮ್ಮ ಬಳಿ ಇದೆ. ಬೆಲೆ 82 ಲಕ್ಷಕ್ಕೆ ಇಳಿದಾಗ ಅದು ಅವರ ಶ್ರಮದ ಫಲವೆಂದೇ ನಾವು ತಿಳಿದೆವು.

ಮಾಲೀಕರು ಶಿವಮೊಗ್ಗದಲ್ಲಿ ಮಗಳ ಮನೆಯಲ್ಲಿರುವ ನಿವೃತ್ತ ಶಿಕ್ಷಕಿ. ಮೂಲ ದಾಖಲೆಗಳ ವಿಷಯಕ್ಕೆ ಅವರಿಗೆ ಫೋನ್ ಮಾಡಿದಾಗ, ಅವರು ಬ್ರೋಕರ್‌ಗೆ ಮೊದಲೇ ‘ನನ್ನ ಕೈಗೆ 76 ಲಕ್ಷ ಬಂದರೆ ಸಾಕು, ಅದಕ್ಕಿಂತ ಮೇಲೆ ಬಂದದ್ದು ನಿಮ್ಮದು’ ಎಂದು ಒಪ್ಪಿದ್ದರೆಂಬ ಸಂಗತಿ ಅವರ ಮಾತಿನಲ್ಲೇ ತಿಳಿಯಿತು. ಅಂದರೆ ನಾವು ಹೆಚ್ಚು ಕೊಟ್ಟಷ್ಟೂ ಬ್ರೋಕರ್‌ಗೆ ಲಾಭವಾಗುವ ಏರ್ಪಾಡು ಅದಾಗಿತ್ತು. ಅವರು ನಮ್ಮ ಪರವಾಗಿ ಬೆಲೆ ಇಳಿಸುತ್ತಿದ್ದೇನೆಂದು ಹೇಳಿದ್ದಕ್ಕೂ ಅವರಿಗೆ ಬರಬೇಕಾದ 6 ಲಕ್ಷಕ್ಕೂ ಹೊಂದಾಣಿಕೆಯೇ ಇಲ್ಲ. ಇದಲ್ಲದೆ, ನೆಲಮಾಳಿಗೆಯ ಕಾರು ನಿಲ್ಲಿಸುವ ಜಾಗ ಈ ಫ್ಲ್ಯಾಟಿಗೇ ಸೇರಿದ್ದೆಂದು ಅವರು ಹೇಳಿದ್ದರು. ಅದನ್ನು ಸರದಿಯ ಮೇಲೆ ಹಂಚಲಾಗುತ್ತದೆಂದು ನಿವಾಸಿಗಳ ಸಂಘದ ಕಾರ್ಯದರ್ಶಿ ಹೇಳುತ್ತಾರೆ. ದಾಖಲೆ ಪರಿಶೀಲಿಸಿ ಒಪಿನಿಯನ್ ಕೊಟ್ಟ ವಕೀಲರನ್ನು ಗೊತ್ತುಮಾಡಿದವರೂ ಇದೇ ಬ್ರೋಕರ್.

ಉಳಿದ ಕಮಿಷನ್ ನಾವು ಕೊಡಲೇಬೇಕೇ? ರೇರಾದಲ್ಲಿ, ಅಂದರೆ ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರದಲ್ಲಿ, ದೂರು ಕೊಡಬಹುದೇ? ಆ 6 ಲಕ್ಷವನ್ನು ಬೆಲೆಯಲ್ಲಿ ಇಳಿಸಿಕೊಳ್ಳಲು, ಅದು ಆಗದಿದ್ದರೆ ಮುಂಗಡ ವಾಪಸ್ ಪಡೆದು ಹೊರಬರಲು ದಾರಿಯಿದೆಯೇ? ಮನೆ ನಮಗೆ ಇಷ್ಟವಾಗಿದೆ ಮತ್ತು ಆ ಹಿರಿಯ ಶಿಕ್ಷಕಿಯ ಮೇಲೆ ನಮಗೆ ಯಾವ ಬೇಸರವೂ ಇಲ್ಲ ಎಂಬುದನ್ನೂ ಸೇರಿಸಿ ಹೇಳುತ್ತಿದ್ದೇನೆ.

ಉತ್ತರ: ಸಿವಿಲ್ ವಕೀಲರು, ಮೈಸೂರು

ನಿಮ್ಮ ಮೂರು ಪ್ರಶ್ನೆಗಳಿಗೂ ಉತ್ತರ ಒಂದೇ ಸಂಗತಿಯ ಮೇಲೆ ನಿಂತಿದೆ: ಈ ಬ್ರೋಕರ್ ಕಾನೂನಿನ ದೃಷ್ಟಿಯಲ್ಲಿ ಯಾರ ಏಜೆಂಟ್? ನಮ್ಮಲ್ಲಿ ಬ್ರೋಕರ್ ಎಂದರೆ ಎರಡೂ ಕಡೆಯವರನ್ನು ಕೂಡಿಸುವವನು ಎಂಬ ಸಡಿಲ ಭಾವನೆಯಿದೆ. ಅಷ್ಟು ಮಾತ್ರ ಮಾಡಿದ್ದರೆ, ಅಂದರೆ ಮನೆ ತೋರಿಸಿ, ಮಾಲೀಕರ ನಂಬರ್ ಕೊಟ್ಟು ಸುಮ್ಮನಿದ್ದಿದ್ದರೆ, ಅವರ ಮೇಲೆ ಹೊರಿಸಬಹುದಾದ ಹೊಣೆ ಕಡಿಮೆಯಿರುತ್ತಿತ್ತು. ಆದರೆ ‘ನಿಮ್ಮ ಪರವಾಗಿ ಮಾತಾಡುತ್ತೇನೆ’ ಎಂದು ಲಿಖಿತವಾಗಿ ಒಪ್ಪಿಕೊಂಡು ಅದಕ್ಕೆ ನಿಮ್ಮಿಂದ ಹಣ ಪಡೆದ ಮೇಲೆ, ಬೆಲೆಯ ಮಾತುಕತೆಯ ಮಟ್ಟಿಗೆ ಅವರು ನಿಮ್ಮ ಏಜೆಂಟ್ ಆಗಿದ್ದರೆಂದು ವಾದಿಸಲು ಬಲವಾದ ಆಧಾರ ಸಿಗುತ್ತದೆ. ಆ ಒಂದು ಸಂದೇಶವನ್ನು ಜೋಪಾನವಾಗಿಡಿ, ಫೋನ್ ಬದಲಾಯಿಸಬೇಡಿ. ಎಲೆಕ್ಟ್ರಾನಿಕ್ ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಸೆಕ್ಷನ್ 63ರಂತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ.

ಭಾರತೀಯ ಕರಾರು ಕಾಯ್ದೆ, 1872ರ ಹತ್ತನೆಯ ಅಧ್ಯಾಯ ಪೂರ್ತಿ ಏಜೆನ್ಸಿಗೆ ಮೀಸಲಾಗಿದೆ. ಇಂದಿಗೂ ಮನೆ ಕೊಳ್ಳುವವರಿಗೆ ಅದಕ್ಕಿಂತ ಹರಿತವಾದ ಅಸ್ತ್ರ ಬೇರೆಯಿಲ್ಲ ಎಂಬುದು ನನ್ನ ಅಭಿಪ್ರಾಯ. ಸೆಕ್ಷನ್ 213ರ ಪ್ರಕಾರ, ಕೆಲಸ ಒಪ್ಪಿಸಿದವರು ಕೇಳಿದಾಗ ಏಜೆಂಟ್ ಸರಿಯಾದ ಲೆಕ್ಕ ಒಪ್ಪಿಸಬೇಕು. ಏಜೆಂಟ್ ತನ್ನ ಸ್ವಂತ ಲಾಭಕ್ಕಾಗಿ ಅದೇ ವ್ಯವಹಾರದಲ್ಲಿ ತೊಡಗಿದ್ದು ಕೆಲಸ ಒಪ್ಪಿಸಿದವರಿಗೆ ತಿಳಿದಿರದಿದ್ದರೆ, ಅದರಿಂದ ಬಂದ ಪ್ರಯೋಜನವನ್ನು ಅವರು ತಮಗೇ ಕೊಡಬೇಕೆಂದು ಕೇಳಬಹುದು ಎಂದು ಸೆಕ್ಷನ್ 216 ಹೇಳುತ್ತದೆ. ಆ ಸೆಕ್ಷನ್ನಿನ ಕೆಳಗೆ ಕೊಟ್ಟಿರುವ ದೃಷ್ಟಾಂತವೂ ಮನೆಯ ಖರೀದಿಯದ್ದೇ: ಒಂದು ಮನೆಯನ್ನು ತನಗಾಗಿ ಕೊಳ್ಳುವಂತೆ ಒಬ್ಬ ತನ್ನ ಏಜೆಂಟನಿಗೆ ಹೇಳುತ್ತಾನೆ. ಏಜೆಂಟ್ ಆ ಮನೆ ಸಿಗುವುದಿಲ್ಲವೆಂದು ಹೇಳಿ ತಾನೇ ಕೊಳ್ಳುತ್ತಾನೆ. ವಿಷಯ ತಿಳಿದಾಗ, ಅವನು ಕೊಟ್ಟ ಬೆಲೆಗೇ ಮನೆಯನ್ನು ತನಗೆ ಮಾರುವಂತೆ ಮೊದಲಿನವನು ಒತ್ತಾಯಿಸಬಹುದು.

ನಿಮ್ಮ ಬ್ರೋಕರ್ ಮನೆಯನ್ನು ತಾವೇ ಕೊಂಡಿಲ್ಲ ಎಂಬುದು ನಿಜ. ಆದರೂ ನಿಮ್ಮಿಂದ ಮುಚ್ಚಿಟ್ಟು ಆ ವ್ಯವಹಾರದಲ್ಲೇ ತಮಗಾಗಿ 6 ಲಕ್ಷ ಮಾಡಿಕೊಳ್ಳಲು ಹೊರಟದ್ದು ಅದೇ ಜಾತಿಯ ತಪ್ಪು ಎಂದು ವಾದಿಸಬಹುದು. ನ್ಯಾಯಾಲಯ ಪೂರ್ತಿ 6 ಲಕ್ಷ ಕೊಡಿಸಿಯೇ ಕೊಡುತ್ತದೆಂದು ನಾನು ಭರವಸೆ ಕೊಡಲಾರೆ, ಏಕೆಂದರೆ ‘ನಾನು ಮಾರುವವರ ಏಜೆಂಟ್, 82 ಲಕ್ಷಕ್ಕೆ ಇವರು ತಾವಾಗಿಯೇ ಒಪ್ಪಿದರು’ ಎಂಬ ಪ್ರತಿವಾದ ಖಂಡಿತ ಬರುತ್ತದೆ.

ಉಳಿದ 41,000ದ ವಿಷಯದಲ್ಲಿ ನಿಮ್ಮ ನೆಲೆ ಇನ್ನೂ ಗಟ್ಟಿ. ಏಜೆನ್ಸಿಯ ಕೆಲಸದಲ್ಲಿ ದುರ್ನಡತೆ ತೋರಿದ ಏಜೆಂಟ್, ಆ ಭಾಗದ ಕೆಲಸಕ್ಕೆ ಸಂಭಾವನೆ ಪಡೆಯಲು ಅರ್ಹನಲ್ಲ ಎಂದು ಸೆಕ್ಷನ್ 220 ಹೇಳುತ್ತದೆ. ಕಾರಣವನ್ನು ಬರೆದು ತಿಳಿಸಿ, ಹಣವನ್ನು ತಡೆಹಿಡಿಯಿರಿ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಬಾಕಿ ಸಂಭಾವನೆ ಬರುವವರೆಗೆ ತನ್ನ ಕೈಯಲ್ಲಿರುವ ಕಾಗದಪತ್ರಗಳನ್ನು ಹಿಡಿದಿಟ್ಟುಕೊಳ್ಳುವ ಹಕ್ಕನ್ನು ಸೆಕ್ಷನ್ 221 ಏಜೆಂಟನಿಗೆ ಕೊಡುತ್ತದೆ. ಆದ್ದರಿಂದ ನಿಮ್ಮ ಯಾವುದಾದರೂ ಮೂಲ ದಾಖಲೆ ಅವರ ಬಳಿ ಇದ್ದರೆ ಮೊದಲು ಅದನ್ನು ವಾಪಸ್ ಪಡೆದು, ಆನಂತರ ಪತ್ರ ಕಳುಹಿಸುವುದು ಒಳ್ಳೆಯದು.

ಕಾರು ನಿಲ್ಲಿಸುವ ಜಾಗದ ಮಾತು ಬೇರೆ ಬಗೆಯದು. ಬ್ರೋಕರ್ ಮಾರುವವರಿಗೂ ಏಜೆಂಟ್ ಆಗಿದ್ದರು, ಮತ್ತು ತನಗೆ ಒಪ್ಪಿಸಿದ ವ್ಯವಹಾರದಲ್ಲಿ ಏಜೆಂಟ್ ಮಾಡಿದ ಸುಳ್ಳು ನಿರೂಪಣೆಯನ್ನು ಕೆಲಸ ಒಪ್ಪಿಸಿದವರೇ ಮಾಡಿದಂತೆ ಪರಿಗಣಿಸಬೇಕೆಂದು ಸೆಕ್ಷನ್ 238 ಹೇಳುತ್ತದೆ. ಅಂಥ ಕರಾರನ್ನು ಸೆಕ್ಷನ್ 19ರಡಿ ರದ್ದುಪಡಿಸಲು ನಿಮಗೆ ಅವಕಾಶವಿದೆ. ಆದರೆ ಸಾಧಾರಣ ಎಚ್ಚರ ವಹಿಸಿದ್ದರೆ ಸತ್ಯ ತಿಳಿಯುವಂತಿತ್ತು ಎಂಬ ವಾದಕ್ಕೂ ಅದೇ ಸೆಕ್ಷನ್ನಿನಲ್ಲಿ ಎಡೆಯಿದೆ, ಸಂಘದ ಕಾರ್ಯದರ್ಶಿಯನ್ನು ಕರಾರಿಗೆ ಮೊದಲೇ ಕೇಳಬಹುದಿತ್ತಲ್ಲ ಎಂದು ಎದುರು ಪಕ್ಷ ಕೇಳುತ್ತದೆ. ಬ್ರೋಕರ್ ತಿಳಿದೂ ತಿಳಿದೂ ಸುಳ್ಳು ಹೇಳಿದ್ದರೆಂದು ತೋರಿಸಿದರೆ ಆ ವಾದ ಬಹಳ ಮಟ್ಟಿಗೆ ಬಿದ್ದುಹೋಗುತ್ತದೆ.

ಕೊನೆಯದಾಗಿ, ಬ್ರೋಕರ್ ಗೊತ್ತುಮಾಡಿದ ವಕೀಲರ ಒಪಿನಿಯನ್ನನ್ನು ಪಕ್ಕಕ್ಕಿಟ್ಟು, ನಿಮ್ಮ ಸ್ವಂತ ವಕೀಲರಿಂದ ಮೂಲ ಕ್ರಯಪತ್ರ, ಇ.ಸಿ. (ಋಣಭಾರ ಪ್ರಮಾಣಪತ್ರ), ಖಾತಾ, ಮಂಜೂರಾದ ನಕ್ಷೆ ಮತ್ತು ಓ.ಸಿ.ಯನ್ನು ಹೊಸದಾಗಿ ನೋಡಿಸಿ. ವ್ಯವಹಾರ ಮುಗಿದರೆ ಮಾತ್ರ ಹಣ ಕಾಣುವ ವ್ಯಕ್ತಿ ಕಳಿಸಿಕೊಟ್ಟ ಪರಿಶೀಲನೆಯ ಮೇಲೆ ಇಷ್ಟು ದೊಡ್ಡ ಸಾಲವನ್ನು ನಿಲ್ಲಿಸಬಾರದು.

ಉತ್ತರ: ಬ್ರೋಕರ್ ವೃತ್ತಿಯವರು, ಹುಬ್ಬಳ್ಳಿ

ಈ ವೃತ್ತಿಯಲ್ಲಿರುವವನಾಗಿ ಕೆಲವು ಮಾತುಗಳನ್ನು ಹೇಳಬೇಕೆನಿಸಿತು. ಎರಡೂ ಕಡೆಯಿಂದ ಕಮಿಷನ್ ಪಡೆಯುವುದು ನಮ್ಮ ರಾಜ್ಯದಲ್ಲಿ ಎಲ್ಲೆಡೆ ನಡೆಯುತ್ತದೆ, ಇಬ್ಬರಿಗೂ ಗೊತ್ತಿದ್ದರೆ ಅದರಲ್ಲಿ ಮೋಸವಿಲ್ಲ. ‘ನೆಟ್ ರೇಟ್’ ಎಂದು ನಾವು ಕರೆಯುವ ಪದ್ಧತಿಯ ಕಥೆ ಹಾಗಲ್ಲ. ಮಾರುವವರು ತಮ್ಮ ಕೈಗೆ ಬರಬೇಕಾದ ಮೊತ್ತವನ್ನು ಹೇಳಿ, ಮೇಲಿನದನ್ನು ಬ್ರೋಕರ್‌ಗೆ ಬಿಟ್ಟ ಕ್ಷಣದಿಂದ ಬ್ರೋಕರ್ ಮಧ್ಯಸ್ಥನಾಗಿ ಉಳಿಯುವುದಿಲ್ಲ. ಬೆಲೆ ಏರಿದರೆ ಲಾಭ ಪಡೆಯುವ ಮೂರನೆಯ ಪಾಲುದಾರ ಅವನಾಗುತ್ತಾನೆ. ಅಂಥವನು ಕೊಳ್ಳುವವರಿಂದಲೂ ‘ನಿಮ್ಮ ಪರ’ ಎಂದು ಹಣ ಪಡೆಯುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ, ಅದನ್ನು ಪದ್ಧತಿಯ ಹೆಸರಿನಲ್ಲಿ ಸಮರ್ಥಿಸುವವರನ್ನು ನಾನು ಒಪ್ಪುವುದಿಲ್ಲ.

ಕೊಳ್ಳುವವರು ಇದನ್ನು ಮೊದಲೇ ಕಂಡುಹಿಡಿಯುವುದು ಅಸಾಧ್ಯವೇನಲ್ಲ. ಕರಾರಿಗೆ ಸಹಿ ಬೀಳುವವರೆಗೆ ಮಾಲೀಕರನ್ನು ಭೇಟಿಯಾಗಲು ಬಿಡದಿರುವುದು, ‘ಬೆಲೆಯ ಮಾತು ಅವರ ಮುಂದೆ ಎತ್ತಬೇಡಿ’ ಎಂದು ಪದೇ ಪದೇ ಹೇಳುವುದು, ಸಾಲದ ಏಜೆಂಟನಿಂದ ವಕೀಲರವರೆಗೆ ಎಲ್ಲರನ್ನೂ ತಾನೇ ತರುವುದು ಸಾಮಾನ್ಯ ಲಕ್ಷಣಗಳು. ಮೊದಲ ಭೇಟಿಯಲ್ಲೇ ‘ಮಾರುವವರಿಂದ ನಿಮಗೆ ಎಷ್ಟು ಬರುತ್ತದೆ, ಅದನ್ನು ಬರೆದುಕೊಡುತ್ತೀರಾ?’ ಎಂದು ಕೇಳಿ. ನೇರವಾಗಿ ದುಡಿಯುವ ಬ್ರೋಕರ್ ಆ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ನಾನು ಎರಡೂ ಕಡೆಯವರಿಗೆ ಒಂದೇ ಪುಟದ ಪತ್ರ ಕೊಡುತ್ತೇನೆ, ಅದರಲ್ಲಿ ಯಾರಿಂದ ಎಷ್ಟು ಎಂಬುದು ಇಬ್ಬರಿಗೂ ಕಾಣುವಂತೆ ಇರುತ್ತದೆ. ಕೆಲವು ಗಿರಾಕಿಗಳು ಇದರಿಂದ ಕೈತಪ್ಪಿದ್ದೂ ಉಂಟು, ಆದರೂ ಅದನ್ನು ಬಿಟ್ಟಿಲ್ಲ.

ಉತ್ತರ: ಹೊಸ ಅಪಾರ್ಟ್‌ಮೆಂಟ್ ಕೊಂಡವರು, ಬೆಂಗಳೂರು

ರೇರಾದ ಬಗ್ಗೆ ನೀವು ಕೇಳಿದ್ದಕ್ಕೆ, ಆ ದಾರಿಯಲ್ಲಿ ನಡೆದವಳಾಗಿ ಬರೆಯುತ್ತಿದ್ದೇನೆ. ನಿಮ್ಮ ಪ್ರಕರಣಕ್ಕೆ ಅದು ಒದಗುವುದಿಲ್ಲವೆಂದೇ ನನ್ನ ತಿಳಿವಳಿಕೆ. ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, 2016ರ ಮುಖ್ಯ ಭಾಗಗಳು ಜಾರಿಗೆ ಬಂದದ್ದು 2017ರ ಮೇ 1ರಂದು. ಏಜೆಂಟರು ನೋಂದಣಿ ಮಾಡಿಸಬೇಕೆಂಬ ಸೆಕ್ಷನ್ 9, ಆ ಕಾಯ್ದೆಯಡಿ ನೋಂದಾಯಿತವಾದ ಯೋಜನೆಗಳಲ್ಲಿನ ಮಾರಾಟಕ್ಕೆ ಸಂಬಂಧಿಸಿದ್ದು. 2009ರಲ್ಲೇ ಮುಗಿದು ಓ.ಸಿ. ಪಡೆದ ಕಟ್ಟಡದ ಫ್ಲ್ಯಾಟ್ ಕೈಬದಲಾಗುವ ವ್ಯವಹಾರ ಅದರ ಹೊರಗೇ ಉಳಿಯುತ್ತದೆ. ಹಳೆಯ ಮನೆಗಳ ಮರುಮಾರಾಟದಲ್ಲೇ ಇಂಥ ಗುಟ್ಟಿನ ಲಾಭ ಹೆಚ್ಚಾಗಿರುವಾಗ ಕಾಯ್ದೆ ಅದನ್ನು ಮುಟ್ಟದೆ ಬಿಟ್ಟಿರುವುದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಹೊಸ ಯೋಜನೆಯಲ್ಲಿ ಕೊಳ್ಳುವ ಇತರ ಓದುಗರಿಗಾಗಿ ಮುಂದಿನದನ್ನು ಹೇಳುತ್ತೇನೆ. ನಮಗೆ ಫ್ಲ್ಯಾಟ್ ತೋರಿಸಿದ ಏಜೆಂಟ್ ತಾನು ಯಾವ ಬಿಲ್ಡರಿಗೂ ಸೇರಿದವನಲ್ಲ, ಹತ್ತು ಯೋಜನೆಗಳನ್ನು ಹೋಲಿಸಿ ನಮಗೆ ಒಳ್ಳೆಯದನ್ನೇ ಹೇಳುತ್ತೇನೆ ಎಂದಿದ್ದ. ಅವನು ಶಿಫಾರಸು ಮಾಡಿದ ಯೋಜನೆಯ ಬಿಲ್ಡರೇ ಅವನಿಗೆ ಪ್ರತಿ ಬುಕಿಂಗಿಗೆ ಕಮಿಷನ್ ಕೊಡುತ್ತಿದ್ದರೆಂಬುದು ಆಮೇಲೆ ತಿಳಿಯಿತು. ತನ್ನ ಸೇವೆಯ ಬಗ್ಗೆ ಸುಳ್ಳು ಅಥವಾ ದಾರಿತಪ್ಪಿಸುವ ನಿರೂಪಣೆ ಮಾಡುವುದನ್ನು ಸೆಕ್ಷನ್ 10 ಅನುಚಿತ ವ್ಯಾಪಾರ ಪದ್ಧತಿಯೆಂದು ನಿಷೇಧಿಸುತ್ತದೆ. ಬುಕಿಂಗ್ ಸಮಯದಲ್ಲಿ ಕೊಳ್ಳುವವರಿಗೆ ಸಿಗಬೇಕಾದ ಎಲ್ಲ ಮಾಹಿತಿ ಮತ್ತು ದಾಖಲೆ ಸಿಗುವಂತೆ ಮಾಡುವುದೂ ಏಜೆಂಟನ ಕರ್ತವ್ಯ. ಇವನ್ನು ಮೀರಿದರೆ ಸೆಕ್ಷನ್ 62ರಡಿ ದಿನಕ್ಕೆ 10,000 ರೂಪಾಯಿಯಂತೆ, ಒಟ್ಟು ಆ ಆಸ್ತಿಯ ಬೆಲೆಯ ಶೇಕಡಾ 5ರವರೆಗೆ ದಂಡ ವಿಧಿಸಬಹುದು. ನೋಂದಣಿಯನ್ನು ಅಮಾನತುಪಡಿಸುವ ಅಥವಾ ರದ್ದುಪಡಿಸುವ ಅಧಿಕಾರವೂ ಪ್ರಾಧಿಕಾರಕ್ಕಿದೆ.

ಆದರೆ ಆ ದಂಡ ಸರ್ಕಾರಕ್ಕೆ ಹೋಗುತ್ತದೆ, ನಮ್ಮ ಕೈಗೆ ಬರುವುದಿಲ್ಲ. ಕೊಳ್ಳುವವರಿಗೆ ಹಣ ದಕ್ಕಿಸುವ ಸೆಕ್ಷನ್‌ಗಳು ಬಿಲ್ಡರಿನ ಮೇಲಿವೆ: ಸುಳ್ಳು ಜಾಹೀರಾತನ್ನು ನಂಬಿ ಹಣ ಕೊಟ್ಟವರಿಗೆ ಸೆಕ್ಷನ್ 12, ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ಸೆಕ್ಷನ್ 18. ನೋಂದಾಯಿತ ಕರಾರು ಆಗುವ ಮೊದಲು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಪಡೆಯಬಾರದೆಂದು ಸೆಕ್ಷನ್ 13 ಹೇಳುವುದನ್ನು ಏಜೆಂಟರು ಯಾರೂ ತಾವಾಗಿ ತಿಳಿಸುವುದಿಲ್ಲ. ಗೆದ್ದ ಮೇಲೂ ವಸೂಲಿಗೆ ತಾಳ್ಮೆ ಬೇಕು. ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬೇಕಾದ್ದರಿಂದ ಕಡತ ಪ್ರಾಧಿಕಾರದಿಂದ ಕಂದಾಯ ಇಲಾಖೆಗೆ ಹೋಗುತ್ತದೆ, ಅಲ್ಲಿ ಅದರ ಬೆನ್ನು ಬಿಡದೆ ಓಡಾಡಬೇಕಾಗುತ್ತದೆ.

ಉತ್ತರ: ನೋಂದಣಿ ಇಲಾಖೆಯಿಂದ ನಿವೃತ್ತರಾದವರು, ದಾವಣಗೆರೆ

ಆ ಶಿಕ್ಷಕಿಯವರಿಗೂ ಇದರಲ್ಲಿ ಅನ್ಯಾಯವಾಗುತ್ತಿದೆ ಎಂಬುದನ್ನು ಯಾರೂ ಹೇಳಲಿಲ್ಲ. ಕ್ರಯಪತ್ರದಲ್ಲಿ 82 ಲಕ್ಷ ಎಂದು ಬರೆದ ಮೇಲೆ, ಆದಾಯ ತೆರಿಗೆಯ ಲೆಕ್ಕದಲ್ಲಿ ಅವರು ಮಾರಿದ ಬೆಲೆ 82 ಲಕ್ಷವೇ. ಬ್ರೋಕರ್‌ಗೆ ಕೊಟ್ಟ 6 ಲಕ್ಷವನ್ನು ಮಾರಾಟದ ಖರ್ಚೆಂದು ಕಳೆಯಬೇಕಾದರೆ ರಸೀದಿ ಬೇಕು. ಇಂಥ ಹಣಕ್ಕೆ ರಸೀದಿ ಕೊಡುವ ಬ್ರೋಕರನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡದ್ದು ಅಪರೂಪ. ನಿಮ್ಮ ಕಡೆಯಿಂದ ನೋಡಿದರೂ, ಶೇಕಡಾ 5ರ ಮುದ್ರಾಂಕ ಶುಲ್ಕವೊಂದೇ ಆ 6 ಲಕ್ಷದ ಮೇಲೆ 30,000 ರೂಪಾಯಿ ಆಗುತ್ತದೆ, ನೋಂದಣಿ ಶುಲ್ಕ ಮತ್ತು ಸೆಸ್ ಅದರ ಮೇಲೆ.

ಆದ್ದರಿಂದ ಶಿವಮೊಗ್ಗಕ್ಕೆ ಹೋಗಿ, ಅವರ ಮಗಳೂ ಇರುವಾಗ, ಅವರೊಂದಿಗೆ ಕುಳಿತು ಮಾತಾಡಿ. ಬ್ರೋಕರ್ ನಿಮ್ಮಿಂದಲೂ ಹಣ ಪಡೆದಿರುವುದು ಅವರಿಗೆ ತಿಳಿಯದೆ ಇರಬಹುದು. ಇಬ್ಬರೂ ಒಪ್ಪಿದರೆ, ನಿಜವಾದ ಬೆಲೆಯನ್ನು ನಮೂದಿಸಿ ತಿದ್ದುಪಡಿ ಕರಾರು ಮಾಡಿಕೊಳ್ಳಲು ಯಾವ ಅಡ್ಡಿಯೂ ಇಲ್ಲ, ಬೆಲೆ ಸರ್ಕಾರದ ಮಾರ್ಗಸೂಚಿ ದರಕ್ಕಿಂತ ಕೆಳಗಿಳಿಯದಂತೆ ನೋಡಿಕೊಂಡರೆ ಸಾಕು. ಬೆಲೆ 78 ಲಕ್ಷವಾಗಿ, ಬ್ರೋಕರ್‌ಗೆ ನ್ಯಾಯವಾದ ಕಮಿಷನ್ನನ್ನು ಅವರು ಚೆಕ್ಕಿನ ಮೂಲಕ ರಸೀದಿ ಪಡೆದು ಕೊಟ್ಟರೂ ಎಲ್ಲರಿಗೂ ನೆಮ್ಮದಿ. ಆದರೆ ಬ್ರೋಕರ್‌ಗೆ ಮಾತು ಕೊಟ್ಟಿರುವವರು ಅವರೇ ಆದ್ದರಿಂದ, ಆ ಮಾತಿನ ಬಗ್ಗೆ ಅವರೂ ತಮ್ಮದೇ ವಕೀಲರನ್ನು ಕೇಳಿಕೊಳ್ಳಲಿ. 50 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಆಸ್ತಿಯಾದ್ದರಿಂದ ಶೇಕಡಾ 1ರ ಟಿ.ಡಿ.ಎಸ್. (ಮೂಲದಲ್ಲೇ ಹಿಡಿಯುವ ತೆರಿಗೆ) ಕಡಿತ ಮಾಡಿ ಕಟ್ಟುವ ಹೊಣೆ ನಿಮ್ಮದು, ಅದನ್ನೂ ಬದಲಾದ ಬೆಲೆಗೆ ತಕ್ಕಂತೆ ಲೆಕ್ಕ ಹಾಕಿ.

ಮತ್ತೆ ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಮಾಲೀಕರನ್ನು ಕಾಣಲು ಹೋಗುವುದೆಂದು ನಾವಿಬ್ಬರೂ ನಿರ್ಧರಿಸಿದ್ದೇವೆ. ಬ್ರೋಕರ್ ವಿರುದ್ಧ ಗ್ರಾಹಕ ಆಯೋಗಕ್ಕೆ ಹೋಗಬಹುದೇ, ಪೊಲೀಸ್ ದೂರು ಕೊಡುವುದು ಸರಿಯೇ ಎಂಬುದನ್ನು ವಕೀಲರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಸಿವಿಲ್ ವಕೀಲರು, ಮೈಸೂರು

ಗ್ರಾಹಕ ಆಯೋಗಕ್ಕೆ ಖಂಡಿತ ಹೋಗಬಹುದು. ಹಣ ಪಡೆದು ಮಾಡಿದ ದಲ್ಲಾಳಿ ಕೆಲಸವೂ ಸೇವೆಯೇ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ ಆಯೋಗದ ವ್ಯಾಪ್ತಿ ನಿಗದಿಯಾಗುವುದು ಸೇವೆಗೆ ಕೊಟ್ಟ ಹಣದ ಮೇಲೆ. ಬ್ರೋಕರ್‌ಗೆ ನೀವು ಕೊಟ್ಟದ್ದು 41,000 ಆದ್ದರಿಂದ ದೂರು ಜಿಲ್ಲಾ ಆಯೋಗದ ಮುಂದೆ ಬರುತ್ತದೆ, 5 ಲಕ್ಷದವರೆಗಿನ ಪ್ರಕರಣಗಳಿಗೆ ಶುಲ್ಕವೂ ಇಲ್ಲ. ನೀವು ವಾಸಿಸುವ ಜಿಲ್ಲೆಯಲ್ಲೇ ಸಲ್ಲಿಸಬಹುದು, ಕಾಲಮಿತಿ ಎರಡು ವರ್ಷ. ಹೊಸ ಅಪಾರ್ಟ್‌ಮೆಂಟ್ ಕೊಂಡ ಓದುಗರಿಗೂ ಒಂದು ಮಾತು: ರೇರಾ ಇದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಪೊಲೀಸ್ ದೂರನ್ನು ಈಗಲೇ ಕೊಡಬೇಡಿ ಎಂಬುದು ನನ್ನ ಸಲಹೆ. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 318 ಇದೆಯಾದರೂ, ಮೊದಲಿನಿಂದಲೇ ವಂಚಿಸುವ ಉದ್ದೇಶವಿತ್ತೆಂದು ತೋರಿಸಬೇಕು, ಸಿವಿಲ್ ವ್ಯಾಜ್ಯಕ್ಕೆ ಕ್ರಿಮಿನಲ್ ಬಣ್ಣ ಹಚ್ಚುವುದನ್ನು ನ್ಯಾಯಾಲಯಗಳು ಇಷ್ಟಪಡುವುದಿಲ್ಲ. ಮುಂಗಡದ ರಸೀದಿಯನ್ನೇ ನಕಲಿ ಮಾಡಿದಂಥ ಸಂಗತಿ ಹೊರಬಿದ್ದರೆ ಮಾತು ಬೇರೆ.

ಇವೆಲ್ಲದರ ನಡುವೆ ನೀವು ಮರೆಯಬಾರದ್ದು ಕರಾರಿನ ಅವಧಿ. ಬ್ರೋಕರ್ ಜೊತೆಗಿನ ಜಗಳದಲ್ಲಿ ಆ ದಿನ ದಾಟಿಹೋದರೆ, ಕೊಳ್ಳುವವರೇ ತಪ್ಪಿದರೆಂದು ಹೇಳಿ ಮುಂಗಡ ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶವಾಗುತ್ತದೆ. ಆದ್ದರಿಂದ ಶಿವಮೊಗ್ಗದಿಂದ ಮರಳಿದ ಕೂಡಲೇ, ಸಾಲದ ಮಂಜೂರಾತಿ ಪತ್ರದ ಪ್ರತಿಯನ್ನು ಲಗತ್ತಿಸಿ, ಕ್ರಯಪತ್ರಕ್ಕೆ ನೀವು ಹಣದೊಂದಿಗೆ ಸಿದ್ಧರಿದ್ದೀರೆಂದು ಮಾಲೀಕರಿಗೆ ಸ್ಪೀಡ್ ಪೋಸ್ಟಿನಲ್ಲಿ ತಿಳಿಸಿ. ಮುಂದೆ ಕರಾರಿನಂತೆ ಕ್ರಯಪತ್ರ ಮಾಡಿಸಿಕೊಡಿ ಎಂದು ದಾವೆ ಹೂಡಬೇಕಾಗಿ ಬಂದರೆ, ಈ ಸಿದ್ಧತೆ ಮತ್ತು ಇಚ್ಛೆಯನ್ನು ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 16ರಂತೆ ನೀವು ಸಾಬೀತುಪಡಿಸಬೇಕು, ಮುಂಗಡದ ವಾಪಸಾತಿ ಬೇಕಿದ್ದರೆ ಸೆಕ್ಷನ್ 22ರಂತೆ ಅದನ್ನು ದಾವೆಯಲ್ಲೇ ಪ್ರತ್ಯೇಕವಾಗಿ ಕೇಳಿರಬೇಕು. ಬೆಲೆಯ ತಿದ್ದುಪಡಿಗೆ ಹೆಚ್ಚು ಸಮಯ ಬೇಕೆನಿಸಿದರೆ, ಅವಧಿ ವಿಸ್ತರಣೆಯನ್ನು ಬಾಯಿಮಾತಿನಲ್ಲಿ ಬಿಡದೆ, ಮೂಲ ಕರಾರಿಗೆ ಸಹಿ ಹಾಕಿದ ಎಲ್ಲರ ಸಹಿಯೊಂದಿಗೆ ಬರೆಸಿಕೊಳ್ಳಿ.